ಹೆಸರಿನ ಜಾಗ ಖಾಲಿ ಬಿಟ್ಟ ಒಡಪು

“ನಾನು ಬರಿಯಾಕಿ ಅಲ್ಲವ್ವಾ. ನಾಕನೇತ್ತ ಓದಿದಾಕಿ, ಅದೂ ಕುರುಗೋಡು ಸಾಲ್ಯಾಗ, ಮಾಸ್ತರು ಬಂದ ದಿನ ಅಷ್ಟ. ಒಡಪು ಬರಿಯೋದಲ್ಲ, ಅದು ತಾನ ಬರ್ತೈತಿ. ರೊಟ್ಟಿ ಬಡಿಯಾಕ ಕುಂತ್ರ ಬರ್ತೈತಿ, ಅಕ್ಕಿ ಕೇರಾಕ ಕುಂತ್ರ ಬರ್ತೈತಿ. ಮೊರದಾಗ ಅಕ್ಕಿ ಹಾರಿಸಿದಾಗ ಒಂದು ತಾಳ ಐತಲ್ಲ, ಆ ತಾಳಕ್ಕ ಮಾತು ಬಂದು ಕುಂದ್ರತೈತಿ. ಓದೋ ಹುಚ್ಚು ಇದ್ದಿದ್ದು ನಮ್ಮ ಮನಿಯವ್ರಿಗೆ. ಊಟ ಬಿಟ್ಟಾರು, ವಾರಪತ್ರಿಕಿ ಬಿಡ್ತಿದ್ದಿಲ್ಲ. ಅದನ್ನೂ ಎಲ್ಲರಂಗ ಓದಾವ್ರಲ್ಲ. ಹಿಂದಿನ ಪುಟದಿಂದ ಶುರು ಮಾಡಿ ಮುಂದಕ್ಕ ಬರಾವ್ರು. ‘ಇದೇನ್ರಿ, ಹಿತ್ತಲ ಬಾಗಲದಿಂದ ಮನಿ ಹೊಕ್ಕಂಗ’ ಅಂದ್ರ, ‘ಅಡಿಗಿಮನಿ ಹಿತ್ತಲ ಕಡಿಗೇ ಇರ್ತೈತಲೇ, ರುಚಿ ಎಲ್ಲ ಅಲ್ಲೇ’ ಅನ್ನಾವ್ರು. ಸೊಲ್ಲಾಪುರಕ್ಕ ಲಾರಿ ಹತ್ತಿದಾಗೂ ಕಂಕಳಾಗ ಒಂದು ಪತ್ರಿಕಿ. ‘ಅಲ್ಲಿ ಹಿರೇ ಗಿರಣಿ ಐತಿ, ಹಿರೇ ಪಗಾರ ಐತಿ, ಮನಿ ಹಿಡದು ಕರಸ್ಕಂತೀನಿ’ ಅಂದು ಹೋದ್ರು. ಮೊದಲ ಮೊದಲ ಮನಿಯಾರ್ಡರು ಬಂತು, ಆಮ್ಯಾಲೆ ಅದೂ ನಿಂತು ಹೋತು. ಈಗ ಎಲ್ಲಿ ಅದಾರೋ ನನಗ ಗೊತ್ತಿಲ್ಲ. ಆದ್ರ ಎಲ್ಲಿದ್ರೂ ಆ ಪತ್ರಿಕಿ ಕೈಯಾಗ ಇರ್ತೈತಿ. ಊರು ಗೊತ್ತಿಲ್ಲ, ಓಣಿ ಗೊತ್ತಿಲ್ಲ, ಪುಟ ಗೊತ್ತೈತಿ. ಕರಿಯಾಕ ಅಷ್ಟು ಸಾಲದೇನು?”

ಸಿರುಗುಪ್ಪದ ಗಿರಣಿ ಓಣಿಯ ಚನ್ನವೀರಮ್ಮ ಇದನ್ನು ಯಾರ ಮುಂದೆ ಹೇಳಿದರೂ ಹೀಗೇ ಹೇಳುತ್ತಿದ್ದಳು. ಕೇಳಿದವರು ಮೊದಲು ನಗುತ್ತಿದ್ದುದು ಆ ‘ಹಿರೇ ಗಿರಣಿ’ಗೆ. ಗಂಡ ಹೇಳಿ ಹೋದದ್ದು ಹಿರೇ ಗಿರಣಿ ಎಂದಲ್ಲ, ದೊಡ್ಡ ಗಿರಣಿ ಎಂದೇ. ಆದರೆ ಚನ್ನವೀರಮ್ಮನ ಬಾಯಲ್ಲಿ ‘ದೊಡ್ಡ’ ಎಂಬ ಮಾತು ಬರುವಂತಿಲ್ಲ. ಗಂಡನ ಹೆಸರು ದೊಡ್ಡಬಸಪ್ಪ. ಕುರುಗೋಡಿನ ದೇವರ ಹೆಸರೇ ಅದು. ಆ ಸೀಮೆಯ ಯಾವುದೇ ಓಣಿಯಲ್ಲಿ ನಿಂತು ಆ ಹೆಸರು ಕೂಗಿದರೆ ನಾಲ್ಕು ಮನೆಯಿಂದ ‘ಓ’ ಅನ್ನುತ್ತಾರೆ. ತಾನು ಹುಟ್ಟಿದ ಊರಿನ ದೇವರನ್ನು ಅವಳು ‘ನಮ್ಮೂರ ಸಾಮಿ’ ಅನ್ನುತ್ತಿದ್ದಳು. ದೊಡ್ಡ ಕೊಡ ಅವಳಿಗೆ ಹಿರೇ ಕೊಡ, ದೊಡ್ಡಮ್ಮ ಅವಳಿಗೆ ಹಿರೇವ್ವ.

ಗೋಡೆಗೆ ಗೋಡೆ ಅಂಟಿಕೊಂಡ ಮನೆಯ ಪಾರಮ್ಮನಿಗೆ ಇವಳನ್ನು ಸಿಕ್ಕಿಸುವುದೇ ಒಂದು ಆಟ. “ಚನ್ನವೀರೀ, ಬಳ್ಳಾರ್ಯಾಗ ಆಸ್ಪತ್ರಿ ಐತಲ್ಲ, ಸಣ್ಣದಲ್ಲ, ಇನ್ನೊಂದು, ಅದಕ್ಕ ಏನಂತಾರ?”

“ಹಿರೇ ದವಾಖಾನಿ. ನಿನ್ನ ನಾಲಿಗಿ ತೋರಸ್ಕಂಡು ಬಾ ಹೋಗು.”

ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳಲು ದಾರಿ ಒಂದೇ, ಒಡಪು. ಮದುವೆಯ ಮನೆಯಲ್ಲಿ, ಸೀಮಂತದಲ್ಲಿ, ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ‘ಹೆಸರು ಹೇಳು, ಒಳಗ ಬಾ’ ಎಂದು ಹಟ ಹಿಡಿದಾಗ ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಹುದುಗಿಸಿ ಹೇಳಿಬಿಡಬೇಕು. ಚನ್ನವೀರಮ್ಮ ಆ ಹೆಸರು ಹೇಳಿದ್ದು ಜೀವಮಾನದಲ್ಲಿ ಒಮ್ಮೆ, ಸಿರುಗುಪ್ಪದ ಹೊಸ್ತಿಲ ಮೇಲೆ. ನಾಚಿಕೆಗೆ ದನಿ ಬಲು ಮೆಲ್ಲಗಿತ್ತು. ಪಕ್ಕದಲ್ಲಿ ನಿಂತ ಮದುಮಗ ಕಿವಿಗೆ ಕೈ ಹಚ್ಚಿ, “ಕೇಳಸಲಿಲ್ಲ ನೋಡು, ಇನ್ನೊಮ್ಮಿ ಅನ್ನು” ಅಂದ. ಎಲ್ಲರೂ ಹೋ ಎಂದು ನಕ್ಕರು. ಅವಳು ತಲೆ ತಗ್ಗಿಸಿ ಒಳಗೆ ನುಗ್ಗಿದಳು. ಇನ್ನೊಮ್ಮೆ ಹೇಳುವುದು ಹಾಗೇ ಉಳಿಯಿತು. ಆಮೇಲೆ ಊರವರ ಮದುವೆಗಳಿಗೆಲ್ಲ ಒಡಪು ಕಟ್ಟಿಕೊಟ್ಟವಳು ಅವಳೇ, ಆದರೆ ತನಗೆ ಹೇಳುವ ಸಂದರ್ಭ ಒದಗಲಿಲ್ಲ. ಮಕ್ಕಳಾಗಲಿಲ್ಲ, ಸೀಮಂತ ಆಗಲಿಲ್ಲ. ಗಂಡ ಅಕ್ಕಿ ಗಿರಣಿಯಲ್ಲಿ ಚೀಲ ತೂಗುತ್ತಿದ್ದವನು ಅಕ್ಕಿಯ ಲಾರಿಯಲ್ಲೇ ಕೂತು ಹೊರಟುಹೋದ.

ಸಾವಿರದ ಒಂಬೈನೂರ ಎಪ್ಪತ್ತೈದರ ಆಸುಪಾಸಿಗೆ ಅವನ ಸುದ್ದಿ ಪೂರ್ತಿ ನಿಂತಿತ್ತು. ಚನ್ನವೀರಮ್ಮ ಅದೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಹಬ್ಬಕ್ಕೆ ಕುರುಗೋಡಿನ ಅಣ್ಣ ಎರ್ರಣ್ಣನ ಮನೆಗೆ ಹೋದಾಗಲೆಲ್ಲ ಹಾಗೇ ಬಸ್ಸು ಹತ್ತಿ ಬಳ್ಳಾರಿಗೂ ಹೋಗಿ ಬರುತ್ತಿದ್ದಳು. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಣ್ಣನ ಪತ್ರಿಕೆ ಅಂಗಡಿ. ಗಂಡ ವಾರಪತ್ರಿಕೆ ಕೊಳ್ಳುತ್ತಿದ್ದುದು ಅವನ ಹತ್ತಿರ. ಅವಳು ಅಂಗಡಿಯ ಮುಂದೆ ನಿಂತರೆ ಚಂದ್ರಣ್ಣ ಕೇಳುವ ಮೊದಲೇ ಹೇಳುತ್ತಿದ್ದ: “ಇಲ್ಲಕ್ಕಾ, ಬಂದಿಲ್ಲ.”

ಒಂದು ಸಲ ಅಷ್ಟಕ್ಕೇ ಸುಮ್ಮನಾಗದೆ ಅವನು ಒಂದು ಮಾಸಪತ್ರಿಕೆಯನ್ನು ಅವಳ ಕಡೆ ತಿರುಗಿಸಿದ. ಬೆಂಗಳೂರಿನದು, ಹೆಣ್ಣುಮಕ್ಕಳದು, ಹೊಳೆಯುವ ಹೊದಿಕೆ. “ಇಲ್ನೋಡಕ್ಕಾ, ನಿಮ್ಮ ಕಡಿ ಒಡಪು ಕಳಸ್ರಿ ಅಂತ ಹಾಕ್ಯಾರ. ಅಚ್ಚಾದ್ರ ಸಂಭಾವನಿ ಕೊಡ್ತಾರಂತ. ನೀನು ಒಡಪಿನ ಗಂಟು, ಕಳಸು.”

“ಸಂಭಾವನಿ ಪೂಜಿ ಮಾಡೋ ಅಯ್ಯಗೋಳಿಗೆ ಕೊಡೋದಲ್ಲೇನಪ್ಪಾ? ನನಗ್ಯಾಕ?”

“ಬರದವ್ರಿಗೂ ಕೊಡ್ತಾರ. ಎಲ್ಲಾ ಪತ್ರಿಕ್ಯಾಗೂ ಅಲ್ಲ ಮತ್ತ! ಕೆಲವರು ಗೌರವ ಪ್ರತಿ ಅಂತ ಒಂದು ಪತ್ರಿಕಿ ಕಳಿಸಿ ಕೈ ತೊಳ್ಕಂತಾರ.”

“ಗೌರವ ಐತಿ, ರೊಕ್ಕ ಇಲ್ಲ.”

“ಹಾಂ, ನಮ್ಮ ಸೊಸಾಯಿಟಿ ಅಧ್ಯಕ್ಷನಂಗ. ಇದು ಹಂಗಲ್ಲ, ಚಲೋ ಕೊಡ್ತಾರ. ದೀಪಾವಳಿ ವಿಶೇಷಾಂಕಕ್ಕ ಬರದ್ರ ಇಮ್ಮಡಿ. ಆದ್ರ ಹಾಳಿಯ ಒಂದ ಮಗ್ಗಲು ಬರೀಬೇಕು, ಬೆನ್ನಿಗೆ ಬರಿಯಂಗಿಲ್ಲ. ವಾಪಸ್ ಬರಾಕ ನಿನ್ನ ವಿಳಾಸ ಬರದ ಲಕೋಟಿ, ಅದಕ್ಕ ಸ್ಟಾಂಪು.”

ಅರ್ಧ ಹಾಳೆ ಖಾಲಿ ಬಿಡುವುದು ಚನ್ನವೀರಮ್ಮನಿಗೆ ಅನ್ನ ಚೆಲ್ಲಿದಷ್ಟೇ ಸಂಕಟವಾಯಿತು. ಆದರೂ ಹಾಗೇ ಬರೆದಳು. ದಪ್ಪ ಅಕ್ಷರ, ಇರುವೆ ಸಾಲಿನ ಹಾಗೆ ಓರೆಯಾಗಿ ಏರುವ ಸಾಲು. ಗಂಡನ ಹೆಸರು ಬರುವ ಕಡೆಯಲ್ಲೆಲ್ಲ ಬೆರಳಗಲ ಜಾಗ ಬಿಟ್ಟಳು. ಒಡಪನ್ನು ಯಾರಿಗೆ ಕಟ್ಟಿಕೊಟ್ಟರೂ ಹಾಗೇ ತಾನೆ ಕೊಡುವುದು? ಯಾರು ಹೇಳುತ್ತಾರೋ ಅವರು ತಮ್ಮ ಗಂಡನ ಹೆಸರು ಹಾಕಿಕೊಳ್ಳುತ್ತಾರೆ. ಆ ಜಾಗ ಇನ್ನೊಬ್ಬಳ ಸೊತ್ತು.

ಸ್ವಲ್ಪ ದಿನಕ್ಕೆ ಅವಳೇ ಬರೆದ ಲಕೋಟೆ ಅವಳಿಗೇ ತಿರುಗಿ ಬಂತು. ಹಾಳೆಯ ತಲೆಯ ಮೇಲೆ ಕೆಂಪು ಮಸಿಯಲ್ಲಿ ಒಂದು ಸಾಲು: ‘ಚೆನ್ನಾಗಿವೆ, ಆದರೆ ಅಪೂರ್ಣ. ಹೆಸರು ಬಿಟ್ಟುಹೋಗಿವೆ. ತುಂಬಿ ಕಳಿಸಿ.’

ಪಾರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬೆಂಗಳೂರಾಗ ಒಡಪು ಹಾಕಂಗಿಲ್ಲೇನಬೇ? ಹೆಸರು ಮರತಾಳ ಅಂತ ತಿಳದಾರ ನಿನ್ನ! ಹೋಗ್ಲಿ, ಖಾಲಿ ಯಾಕ ಬಿಡ್ತಿ, ನಮ್ಮ ಮನಿಯವ್ರ ಹೆಸರು ಹಾಕು.”

“ನೀನ ಹೇಳು, ನಾನು ಬರಕಂತೀನಿ.”

“ನಾನು ಹೆಂಗ ಹೇಳ್ಲಿ! ಒಡಪು ಹಚ್ಚಿ ಕೊಡು, ಹೇಳ್ತೀನಿ.”

ಚನ್ನವೀರಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಎರಡು ಸಲ ಹಾರಿಸುವಷ್ಟರಲ್ಲಿ ಕಟ್ಟಿದಳು. ಪಾರಮ್ಮ ಸೆರಗು ಹೊದ್ದು, ಮದುಮಗಳ ಹಾಗೆ ನಿಂತು ಒಪ್ಪಿಸಿದಳು:

“ಗಡಿಗಿ ತುಂಬ ಮಜ್ಜಿಗಿ ನೀರು,
ಜಡೆಪ್ಪ ಗೊರಕಿ ಹೊಡದ್ರ ಎಚ್ಚರಾಗ್ತೈತಿ ಊರು.”

ಒಳಗೆ ಮಲಗಿದ್ದ ಜಡೆಪ್ಪ, “ಏನಲೇ ಅದು ನನ್ನ ಹೆಸರು?” ಎಂದು ಎದ್ದು ಬಂದ. ಅದು ಅಚ್ಚಾಗಿ ಹೋಗುತ್ತದೆ ಎಂದು ಗೊತ್ತಾದ ಮೇಲೆ ಮೀಸೆ ತೀಡಿಕೊಂಡು, “ಗೊರಕಿ ತಗದು ಬ್ಯಾರೆ ಏನರ ಹಾಕ್ರಿ” ಅಂದ. ಇಬ್ಬರೂ ಕೇಳಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಸರದಿಯ ಮೇಲೆ ಬಂದರು. ಒಬ್ಬಾಕೆ ಗಂಡನ ಮೇಲೆ ಸಿಟ್ಟಾಗಿ ಹೆಸರು ಹಿಂದಕ್ಕೆ ತೆಗೆಸಿ, ರಾಜಿಯಾದ ಮೇಲೆ ಮತ್ತೆ ಹಾಕಿಸಿದಳು. ಒಂದು ಜಾಗವೂ ಖಾಲಿ ಉಳಿಯದ ಹಾಗೆ ತುಂಬಿದ ಹಾಳೆಗಳು ಬೆಂಗಳೂರಿಗೆ ಹೋದವು, ಅಚ್ಚಾದವು. ಸಂಭಾವನೆಯೂ ಬಂತು, ಗಿರಣಿಯ ಕೂಲಿ ನಾಚುವಷ್ಟು. ಚನ್ನವೀರಮ್ಮ ಕಣ್ಣಿಗೆ ಚಾಳೀಸು ಕೊಂಡಳು, ಮನೆಯ ಸೋರುತ್ತಿದ್ದ ಮಾಳಿಗೆಗೆ ಮಣ್ಣು ಹಾಕಿಸಿದಳು. ಸಂಪಾದಕರು ಮತ್ತೆ ಮತ್ತೆ ಕೇಳಿ ಕಾಗದ ಹಾಕತೊಡಗಿದರು.

ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಓಣಿಯ ಗಂಡಸರ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದ ಪಾರಮ್ಮ ಒಂದು ಸಂಜೆ ಸುಮ್ಮನೆ ಅಂದಳು: “ಊರ ಗಂಡಸರೆಲ್ಲ ಬಂದ್ರು. ಬರಬೇಕಾದಾತ ಒಬ್ಬ ಬರಲಿಲ್ಲ ನೋಡು.”

ಅದಕ್ಕೆ ಉತ್ತರ ಚನ್ನವೀರಮ್ಮನ ಹತ್ತಿರ ಇತ್ತು. ಒಂದು ಒಡಪನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಮೊದಲು ತಿರುಗಿ ಬಂದ ಹಾಳೆಯಲ್ಲಿ ಅದೂ ಇತ್ತು. ಹೆಸರಿನ ಜಾಗ ಖಾಲಿಯಿದ್ದರೂ ಸಂಪಾದಕರು ಅದರ ಪಕ್ಕ ಗೆರೆ ಎಳೆದು ‘ಬಹಳ ಸೊಗಸು’ ಎಂದು ಬರೆದಿದ್ದರು. ಓಣಿಯವರು ಎಷ್ಟು ಕೇಳಿದರೂ ಅದಕ್ಕೆ ಯಾರ ಗಂಡನನ್ನೂ ಅವಳು ಬಿಟ್ಟುಕೊಳ್ಳಲಿಲ್ಲ, ತುಂಬಿದ ಹಾಳೆಗಳ ಜೊತೆ ಅದನ್ನು ಕಳಿಸಲೂ ಇಲ್ಲ.

ಈಗ ಸಂಪಾದಕರು ಅದನ್ನೇ ಕೇಳಿದರು. ದೀಪಾವಳಿ ವಿಶೇಷಾಂಕಕ್ಕೆ ಬೇಕು, ಸಂಭಾವನೆ ಇಮ್ಮಡಿ, ಆದರೆ ಬೇರೆಲ್ಲೂ ಅಚ್ಚಾಗಿರಬಾರದು. ಕಾಗದ ಹಿಡಿದು ಅವಳು ಬಳ್ಳಾರಿಗೆ ಹೋದಳು.

“ಕೊಟ್ಟುಬಿಡಕ್ಕಾ, ಇನ್ನೇನು ಕೇಳ್ತಿ,” ಅಂದ ಚಂದ್ರಣ್ಣ.

“ಇದನ್ನ ಆ ವಾರಪತ್ರಿಕಿಗೆ ಕಳಸ್ತೀನಿ. ನಮ್ಮ ಮನಿಯವ್ರು ಓದ್ತಿದ್ದರಲ್ಲ, ಅದಕ್ಕ. ವಿಳಾಸ ಬರಕೊಡು.”

ಚಂದ್ರಣ್ಣ ಕೈಯಲ್ಲಿದ್ದ ಪತ್ರಿಕೆಗಳ ಕಟ್ಟನ್ನು ಕೆಳಗಿಟ್ಟ. “ನಿನಗೇನು ತಲಿ ಕೆಟ್ಟೈತೇನು? ಅವ್ರು ಒಂದು ಪೈಸೆ ಕೊಡಂಗಿಲ್ಲ. ಗೌರವ ಪ್ರತಿನೂ ಅವರಿಗೆ ನೆಪ್ಪಾದ್ರ ಉಂಟು. ಕಾಗದ ನೋಡು, ಬೆಲ್ಲ ಕಟ್ಟಾಕೂ ಬರಂಗಿಲ್ಲ.”

“ಈ ಹೊಳಿಯೋ ಪತ್ರಿಕಿನ ಗಂಡಸರು ಓದ್ತಾರೇನು?”

“ಹೆಂಗಸರದು, ಗಂಡಸರು ಯಾಕ ಓದ್ತಾರ?”

“ಮತ್ತ?”

ಚಂದ್ರಣ್ಣನಿಗೆ ಆಗ ಅರ್ಥವಾಯಿತು. ಅವನು ವಾರಪತ್ರಿಕೆಯ ವಿಳಾಸ ಬರೆದುಕೊಟ್ಟ. ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತು ಲೇಖನಿ ತೆಗೆದಳು. ಬಾಯಿಂದ ಹೇಳಬಾರದು ಎಂದು ಹಿರಿಯರು ಕಟ್ಟಳೆ ಮಾಡಿದ್ದಾರೆ, ಕೈಯಿಂದ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಓದುಬರಹ ಬಲ್ಲ ಹೆಣ್ಣು ಅವರ ಲೆಕ್ಕಕ್ಕೇ ಬಂದಿರಲಿಲ್ಲವೋ ಏನೋ. ಆದರೂ ‘ದೊ’ ಬರೆಯುವಾಗ ಅವಳಿಗೆ ಮತ್ತೆ ಹೊಸ್ತಿಲ ಮೇಲೆ ನಿಂತ ಹಾಗೇ ಆಯಿತು.

‘ಹಗರಿ ಹೊಳ್ಯಾಗ ಉಸುಕಿನ ದಿಬ್ಬ,
ದೊಡ್ಡಬಸಪ್ಪ ಮನಿಗೆ ಬಂದ ದಿನಾನ ನನಗ ಹಬ್ಬ.’

ಕೆಳಗೆ ತನ್ನ ಹೆಸರು, ಊರು. ಅದರ ಕೆಳಗೆ ಸಂಪಾದಕರಿಗೆ ಒಂದು ಮಾತು: ‘ರೊಕ್ಕ ಬೇಡ. ಕೊನೆಯ ಪುಟದಲ್ಲಿ ಹಾಕಿರಿ.’

ಬೆಂಗಳೂರಿನವರಿಗೆ ಇಲ್ಲ ಎಂದು ಬರೆದಳು. ಇಮ್ಮಡಿ ಸಂಭಾವನೆ ಬೇರೆ ಯಾರ ಪಾಲಿಗೋ ಹೋಯಿತು. ಪಾರಮ್ಮ, “ಹಾಲು ಚೆಲ್ಲಿ ನೀರು ಕಾಸಿದಿ” ಎಂದು ಬೈದಳು. ವಾರಪತ್ರಿಕೆಯವರು ಬಹಳ ದಿನ ಸುಮ್ಮನಿದ್ದರು. ಕೊನೆಗೆ ಕೊನೆಯ ಪುಟದಲ್ಲಿ, ತಲೆನೋವಿನ ಮುಲಾಮಿನ ಜಾಹೀರಾತಿನ ಕೆಳಗೆ, ಒಂದಿಷ್ಟು ಜಾಗ ಉಳಿದಿತ್ತೇನೋ, ಹಾಕಿದರು.

ಆಮೇಲೆ ಆದದ್ದನ್ನು ಅವಳು ಎಣಿಸಿರಲಿಲ್ಲ. ಸೀಮೆಯ ದೊಡ್ಡಬಸಪ್ಪರೆಲ್ಲ ಎದ್ದು ಕೂತರು. ಕುರುಗೋಡಿನಲ್ಲಿ ಒಬ್ಬ ದೊಡ್ಡಬಸಪ್ಪನ ಹೆಂಡತಿ ಆ ಪುಟ ಕತ್ತರಿಸಿ ದೇವರ ಫೋಟೋದ ಪಕ್ಕ ಅಂಟಿಸಿದಳು. ಕೊಳಗಲ್ಲಿನಲ್ಲಿ ಇನ್ನೊಬ್ಬಾಕೆ ಸಿರುಗುಪ್ಪದ ಈ ಚನ್ನವೀರಮ್ಮ ಯಾರು ಎಂದು ಗಂಡನನ್ನು ಹಿಡಿದುಕೊಂಡು ಜಗಳಾಡಿದಳಂತೆ. ಗಿರಣಿಯ ಹಮಾಲ ಒಬ್ಬ, ಅವನೂ ಆ ಹೆಸರಿನವನೇ, “ಯಕ್ಕಾ, ನಾನು ದಿನಾ ಬರ್ತೀನಿ, ದಿನಾ ಹೋಳಿಗಿ ಮಾಡ್ತಿಯೇನು?” ಎಂದು ಕೂಗಿದ. “ಹೋಳಿಗಿ ಅಲ್ಲ, ಹುಣಸಿ ಬಡಿಗಿ ತಗೀತೀನಿ” ಎಂದು ಚನ್ನವೀರಮ್ಮ ಅವನ ಬಾಯಿ ಮುಚ್ಚಿಸಿದಳು. ನಕ್ಕಳು ಕೂಡ. ಆದರೆ ಮನೆಗೆ ಬಂದ ಮೇಲೆ ಕೈ ಕೆಲಸಕ್ಕೆ ಏಳಲಿಲ್ಲ. ಒಬ್ಬನನ್ನು ಕರೆಯಲು ಹೋಗಿ ಊರನ್ನೆಲ್ಲ ಕರೆದಂತಾಯಿತು. ಇಷ್ಟು ಜನರೊಳಗೆ ಅವರಿಗೆ ತನ್ನ ದನಿ ಹೇಗೆ ಗೊತ್ತಾದೀತು?

ಅಣ್ಣ ಎರ್ರಣ್ಣ ಕುರುಗೋಡಿನಿಂದ ಬಂದ. ಮಾತು ಅವನಿಗೂ ಕಷ್ಟವಾಗಿತ್ತು. “ತಂಗೀ, ಅಲ್ಲಿ ಯಾರನ್ನೋ ಇಟ್ಕಂಡಾನ ಅಂತ ಒಬ್ಬರು, ಸತ್ತಾನ ಅಂತ ಒಬ್ಬರು. ಏನರ ಒಂದು ಅಂತ ಅಂದ್ಕಂಡು ನಮ್ಮ ಮನಿಗೆ ಬಂದುಬಿಡು. ನಿನ್ನ ಅತ್ತಿಗಿನೂ ಹೇಳ್ಯಾಳ.”

“ಬರ್ತೀನಣ್ಣಾ. ಏನರ ಒಂದು ಅಂತ ಗೊತ್ತಾಗ್ಲಿ, ಬರ್ತೀನಿ.”

ಗೊತ್ತಾದದ್ದು ಮುಂದಿನ ಹಬ್ಬಕ್ಕೆ. ಚಂದ್ರಣ್ಣನ ಅಂಗಡಿಯ ಮುಂದೆ ಅವಳು ನಿಂತಾಗ ಅವನು ಎಂದಿನಂತೆ ‘ಇಲ್ಲಕ್ಕಾ’ ಅನ್ನಲಿಲ್ಲ. ಸ್ಟೂಲು ಸರಿಸಿ, “ಕುಂದ್ರು” ಅಂದ.

“ನಿನ್ನ ಒಡಪು ಬಂದ ಪತ್ರಿಕಿ ಹುಡಿಕ್ಯಂಡು ಒಬ್ರು ಬಂದಿದ್ರು. ತಲಿ ಬೆಳ್ಳಗಾಗಿತ್ತು. ಆತನೋ ಅಲ್ಲೋ ನನಗ ಗುರುತು ಹತ್ತಲಿಲ್ಲ, ದಿನಾ ನೂರು ಮಂದಿನ್ನ ನೋಡ್ತೀನಿ. ಹಳೇ ಪ್ರತಿ ಒಂದು ಉಳಿದಿತ್ತು, ಕೊಟ್ಟೆ.”

“ಯಾವ ಪುಟ ಮೊದಲು ತಗದ್ರು?”

“ಹಿಂದಿಂದು. ಆದ್ರ ಬಾಳ ಮಂದಿ ಹಂಗ ತಗೀತಾರಕ್ಕಾ. ನಿಂತಲ್ಲೇ ಓದಿದ. ಕಿವಿಗೆ ಕೈ ಹಚ್ಚಿಕ್ಯಂಡು ತನ್ನಷ್ಟಕ್ಕ ತಾನ ನಕ್ಕ. ‘ಈಗ ಕೇಳಿಸ್ತು ನೋಡು’ ಅಂದ. ನನಗ ಅಂದನೇನೋ ಅಂತ, ಏನು ಕೇಳಿಸ್ತು ಅಂದೆ. ಪತ್ರಿಕಿ ಕಂಕಳಾಗ ಹಿಡಕಂಡು ಹೊಂಟುಬಿಟ್ಟ.”

ಚನ್ನವೀರಮ್ಮ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಬಸ್‌ಸ್ಟ್ಯಾಂಡಿನ ಗದ್ದಲವೆಲ್ಲ ಒಂದು ಗಳಿಗೆ ದೂರ ಹೋಯಿತು. ಜಗತ್ತಿನ ಬೇರೆ ಯಾವ ದೊಡ್ಡಬಸಪ್ಪನಿಗೂ ಹೊಸ್ತಿಲ ಮೇಲಿನ ಆ ಮಾತು ಗೊತ್ತಿರಲು ಸಾಧ್ಯವಿರಲಿಲ್ಲ.

“ಯಾವ ಕಡಿಗೆ ಹೋದ್ರು? ಸಿರುಗುಪ್ಪದ ಬಸ್ಸು ನಿಲ್ಲೋ ಕಡಿಗೇನು?”

ಚಂದ್ರಣ್ಣನಿಗೆ ಸುಳ್ಳು ಹೇಳುವ ಮನಸ್ಸಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೂ ಹೇಳಲಿಲ್ಲ. “ರೈಲ್ವೆ ಸ್ಟೇಶನ್ ಕಡಿಗಕ್ಕಾ.”

ಅದು ನಡೆದು ತಿಂಗಳ ಮೇಲಾಗಿತ್ತು. ಬರುವ ಮನಸ್ಸಿದ್ದರೆ ಅಂದೇ ಸಂಜೆಯ ಹೊತ್ತಿಗೆ ಸಿರುಗುಪ್ಪದ ಬಾಗಿಲಲ್ಲಿ ಇರಬಹುದಾಗಿತ್ತು. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದಳು. ಕುರುಗೋಡು ಬಂದಾಗ ಅಣ್ಣನ ಮನೆಗೆ ಇಳಿಯಲಿಲ್ಲ. ಗುಡಿಯ ಕಡೆಗೆ ಕೈ ಮುಗಿದು, “ನಮ್ಮೂರ ಸಾಮೀ, ಇರಲಿ, ಕೇಳಿಸ್ತಂತ” ಎಂದಷ್ಟೇ ಅಂದುಕೊಂಡಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಪಾರಮ್ಮ ಸಿಟ್ಟಿನಿಂದ ಕುದ್ದಳು. “ಬಳ್ಳಾರಿ ತನಕ ಬಂದು ಹಂಗ ಹೋದ್ನೇನು? ಅಂಥಾವ್ನ ಹೆಸರಿಗೆ ಇನ್ನ ಮರ್ಯಾದಿ ಯಾಕ? ಬಾಗಲದಾಗ ನಿಂತು ಕೂಗು, ದೊಡ್ಡಬಸ್ಯಾ ಅಂತ ಕೂಗು, ಊರೆಲ್ಲಾ ಕೇಳ್ಲಿ. ಇನ್ನೇನು ಉಳದೈತಿ?”

ಚನ್ನವೀರಮ್ಮ ಚಂದ್ರಣ್ಣನಿಗೆ ತೋರಿಸಲು ಒಯ್ದಿದ್ದ ಬೆಂಗಳೂರಿನ ಕಾಗದವನ್ನು ಚೀಲದಿಂದ ತೆಗೆದು ಗೂಡಿನಲ್ಲಿಟ್ಟಳು. ಮುನಿಸು ಮರೆತ ಸಂಪಾದಕರು ತಿಂಗಳು ತಿಂಗಳು ಒಂದು ಪುಟ ಬರೆಯಿರಿ ಎಂದು ಕೇಳಿದ್ದರು. ಬರೆಯಬೇಕು, ಹೊಟ್ಟೆಗೆ ಅದು ಬೇಕು. ಓಣಿಯಲ್ಲಿ ಇನ್ನೂ ಎಷ್ಟೋ ಗಂಡಸರ ಹೆಸರು ಬಾಕಿ ಇವೆ. ಒಲೆ ಹಚ್ಚಿ ಎಸರಿಟ್ಟಳು. ನೀರು ಮರಳಿ ಕುದಿ ಬಂದಾಗ ಒಲೆಗೆ ಹೇಳಿದ ಹಾಗೆ ಮೆಲ್ಲಗೆ ಕಟ್ಟಿದಳು:

“ಬಳ್ಳಾರಿ ಗುಡ್ಡ ಸಿರುಗುಪ್ಪಕ್ಕ ದೂರ,
ಕೇಳಿಸಿದ ಮ್ಯಾಲೆ…” ಎಂದು ಹೆಸರಿನ ಜಾಗದಲ್ಲಿ ಉಸಿರು ನಿಲ್ಲಿಸಿ, “…ಗ ಕಾಲು ಯಾಕ ಭಾರ?”

“ಯಾವ ಪತ್ರಿಕಿಗೆ ಇದು?” ಪಾರಮ್ಮ ಕೇಳಿದಳು.

“ರೊಕ್ಕ ಕೊಡದ ಆ ಪತ್ರಿಕಿಗೆ. ಕೊನಿ ಪುಟಕ್ಕ.”

ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಚನ್ನವೀರಮ್ಮ ಸುತ್ತ ನೋಡಿದಳು. “ಪಾರವ್ವಾ, ನಿನ್ನ ಬೆನ್ನ ಹಿಂದ ಐತಿ ನೋಡು, ಆ ಹಿರೇ ಪರಾತ ಇತ್ತ ಸರಸು.”

ಪಾರಮ್ಮ ಬಾಯಿ ತೆರೆದಳು. ಎಂದಿನ ಹಾಗೆ ‘ಯಾವ ಪರಾತ’ ಎಂದು ಕೇಳಿ ಸಿಕ್ಕಿಸಲಿಲ್ಲ. ಪರಾತವನ್ನು ಸೆರಗಿನಿಂದ ಒರೆಸಿ ಮುಂದಕ್ಕೆ ಸರಿಸಿದಳು. ಚನ್ನವೀರಮ್ಮ ಹಿಟ್ಟು ಸುರಿದು, ನಡುವೆ ಕುಳಿ ಮಾಡಿ ಎಸರು ಹೊಯ್ದಳು, ಬಿಸಿಗೆ ಊದುತ್ತ ನಾದಿದಳು, ಉಂಡೆ ಕಟ್ಟಿದಳು. ಬಡಿದ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡಳು.